ಮಿದುಳಿನ ಸಂಕೇತಕ್ಕೆ ನಡೆಯುವ ಗಾಲಿಕುರ್ಚಿ: ಗಂಗಾವತಿಯಲ್ಲಿ ನಾನು ಮಾಡಿ ನೋಡಿದ್ದು

ಆಸ್ಪತ್ರೆಗಳ ಇಸಿಜಿ ಯಂತ್ರ, ಮಾನಿಟರ್, ಸಿರಿಂಜ್ ಪಂಪ್ ಮೊದಲಾದವನ್ನು ರಿಪೇರಿ ಮಾಡುವುದು ನನ್ನ ಕಸುಬು. ಗಂಗಾವತಿಯಲ್ಲಿ ಸಣ್ಣದೊಂದು ಅಂಗಡಿ ಇಟ್ಟುಕೊಂಡು, ಕೊಪ್ಪಳ, ಸಿಂಧನೂರು, ರಾಯಚೂರು, ಬಳ್ಳಾರಿಗಳ ನರ್ಸಿಂಗ್ ಹೋಮ್‌ಗಳಿಗೆ ಓಡಾಡುತ್ತ 17 ವರ್ಷ ಕಳೆದಿದ್ದೇನೆ. ಮಿದುಳಿನ ವಿದ್ಯುತ್ತನ್ನು ದಾಖಲಿಸುವ ಇಇಜಿ ಯಂತ್ರವೂ ವರ್ಷಕ್ಕೆ ಎರಡು ಮೂರು ಬಾರಿ ನನ್ನ ಮೇಜಿಗೆ ಬರುತ್ತದೆ. ಆ ಪರಿಚಯವೊಂದನ್ನೇ ನೆಚ್ಚಿಕೊಂಡು, ಕೈಕಾಲು ಸ್ವಾಧೀನದಲ್ಲಿಲ್ಲದ ಇಬ್ಬರಿಗಾಗಿ ಮಿದುಳಿನ ಸಂಕೇತಕ್ಕೆ ನಡೆಯುವ ವಿದ್ಯುತ್ ಗಾಲಿಕುರ್ಚಿಯನ್ನು ಸಿದ್ಧಪಡಿಸಲು ಕಳೆದ ಮೂರು ವರ್ಷ ಬಿಡುವಿನ ವೇಳೆಯಲ್ಲೆಲ್ಲ ದುಡಿದಿದ್ದೇನೆ. ಒಬ್ಬ ನಮ್ಮ ಓಣಿಯ ಹುಡುಗ, ಇನ್ನೊಬ್ಬರು ಸಿಂಧನೂರಿನ ನಿವೃತ್ತ ಮಾಸ್ತರು. ಎಲ್ಲಿ ಸರಿಹೋಯಿತು, ಎಲ್ಲಿ ತಪ್ಪಿದೆ ಎಂಬುದನ್ನು ಇದೇ ದಾರಿ ಹಿಡಿಯುವವರಿಗೆ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತಿದ್ದೇನೆ.

ಹುಡುಗನಿಗೆ ಆಗ 19 ವರ್ಷ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟ ದಿನಗಳಲ್ಲಿ ನಮ್ಮ ಭಾಗದ ಹುಡುಗರು ಸೇತುವೆಯ ಮೇಲಿಂದ ತಲೆಕೆಳಗಾಗಿ ಜಿಗಿಯುವುದು ಹೊಸದೇನಲ್ಲ. ಅಂದು ನೀರು ಅವನು ತಿಳಿದಷ್ಟು ಆಳವಿರಲಿಲ್ಲ. ನೆತ್ತಿ ಕಾಲುವೆಯ ತಳಕ್ಕೆ ಬಡಿದು, ಕುತ್ತಿಗೆಯ ನಾಲ್ಕನೆಯ ಮಟ್ಟದಲ್ಲಿ ಬೆನ್ನುಹುರಿ ನುಜ್ಜಾಯಿತು. ಐದನೆಯ ಮಟ್ಟದ ನರವಾದರೂ ಉಳಿದಿದ್ದರೆ ಮೊಣಕೈ ಮಡಚುವ ಶಕ್ತಿ ಇರುತ್ತಿತ್ತು, ಸಾಮಾನ್ಯ ಜಾಯ್‌ಸ್ಟಿಕ್ಕನ್ನು ಹೇಗೋ ತಳ್ಳಬಹುದಿತ್ತು. ಅವನಿಗೆ ಉಳಿದದ್ದು ಹೆಗಲು ಏರಿಸುವುದು, ಕತ್ತು ಹೊರಳಿಸುವುದು, ಮಾತು ಮತ್ತು ಊಟ. ದಾನಿಯೊಬ್ಬರು ಕೊಟ್ಟ ಹಳೆಯ ವಿದ್ಯುತ್ ಗಾಲಿಕುರ್ಚಿಯೊಂದು ಆರು ತಿಂಗಳಿನಿಂದ ಅವರ ಪಡಸಾಲೆಯಲ್ಲಿ ಬಟ್ಟೆ ಹಾಕುವ ಕುರ್ಚಿಯಾಗಿ ಕುಳಿತಿತ್ತು. ಅದರ ಬ್ಯಾಟರಿ ನೋಡಲು ಕರೆದಾಗಲೇ ನಾನು ಮೊದಲ ಬಾರಿಗೆ ಅವರ ಮನೆಯ ಹೊಸ್ತಿಲು ದಾಟಿದ್ದು.

ಕತ್ತು ಹೊರಳುವುದಾದರೆ ಗದ್ದದಿಂದ ತಳ್ಳುವ ಜಾಯ್‌ಸ್ಟಿಕ್ ಸಾಕಾಗುವುದಿಲ್ಲವೇ ಎಂದು ಬಳ್ಳಾರಿಯ ಫಿಸಿಯೋಥೆರಪಿಸ್ಟ್ ಒಬ್ಬರು ಮೊದಲ ವಾರದಲ್ಲೇ ನನ್ನನ್ನು ಕೇಳಿದರು. ಅವರ ಮಾತು ನ್ಯಾಯವಾಗಿತ್ತು. ಅದರಂತೆ ಕುರ್ಚಿಯ ಕೈಹಿಡಿಯಿಂದ ಜಾಯ್‌ಸ್ಟಿಕ್ಕನ್ನು ಬಿಚ್ಚಿ, ಬಾಗುವ ಕಬ್ಬಿಣದ ತೋಳಿನ ಮೇಲೆ ಗದ್ದದ ಎತ್ತರಕ್ಕೆ ಕೂರಿಸಿಕೊಟ್ಟೆ. ಹುಡುಗ ಎರಡೇ ದಿನಗಳಲ್ಲಿ ಅದನ್ನು ಕಲಿತ. ಆದರೆ ಅರ್ಧ ಗಂಟೆ ಕಳೆಯುವಷ್ಟರಲ್ಲಿ ಕುತ್ತಿಗೆ ಮತ್ತು ಹೆಗಲಿನ ಸ್ನಾಯುಗಳು ಸೆಟೆದು, ನೋವಿನಿಂದ ಮುಖ ಕಿವಿಚಿಕೊಳ್ಳುತ್ತಿದ್ದ. ಸಂಜೆಯ ಹೊತ್ತಿಗೆ ಗದ್ದ ಎತ್ತಲೂ ಆಗುತ್ತಿರಲಿಲ್ಲ. ಮೊಬೈಲಿನಲ್ಲಿ ಯಾರೋ ಟೋಪಿ ಧರಿಸಿ ಮನಸ್ಸಿನಿಂದ ಕುರ್ಚಿ ನಡೆಸುವುದನ್ನು ನೋಡಿದ್ದ ಅವನು, “ಕಾಕಾ, ಇದನ್ನ ಮಾಡಾಕ ಆಗೂದಿಲ್ಲೇನು?” ಎಂದು ಕೇಳಿದ. ಆಗುತ್ತದೆಯೋ ಇಲ್ಲವೋ ತಿಳಿಯದೆಯೇ ನಾನು ಒಪ್ಪಿಕೊಂಡೆ.

ಮಿದುಳಿನ ವಿದ್ಯುತ್ತನ್ನು ತಲೆಬುರುಡೆಯ ಹೊರಗಿನಿಂದಲೇ ಹಿಡಿಯಬಹುದೆಂದು ಜರ್ಮನಿಯ ಮನೋವೈದ್ಯ ಹ್ಯಾನ್ಸ್ ಬರ್ಗರ್ 1924ರಲ್ಲಿ ಕಂಡುಕೊಂಡು 1929ರಲ್ಲಿ ಪ್ರಕಟಿಸಿದರು. ಆ ಸಂಕೇತದಿಂದ ಯಂತ್ರಕ್ಕೆ ಆಜ್ಞೆ ಕೊಡಬಹುದೇ ಎಂಬ ಪ್ರಶ್ನೆಯನ್ನು ಕ್ಯಾಲಿಫೋರ್ನಿಯಾದ ವಿಜ್ಞಾನಿ ಜಾಕ್ ವಿಡಾಲ್ 1973ರಲ್ಲಿ ಎತ್ತಿದರು. ನನ್ನನ್ನು ಹೆಚ್ಚು ಹಿಡಿದಿಟ್ಟದ್ದು ಸಂಶೋಧಕ ಹೋಸೆ ಮಿಲ್ಯಾನ್ ಅವರ ತಂಡ ಮಿದುಳಿನಿಂದ ನಡೆಯುವ ಗಾಲಿಕುರ್ಚಿಯ ಬಗ್ಗೆ 2022ರಲ್ಲಿ ಪ್ರಕಟಿಸಿದ ಅಧ್ಯಯನ. ಕೈಕಾಲು ಎರಡೂ ಸ್ವಾಧೀನ ತಪ್ಪಿದ ಮೂವರಿಗೆ ಅವರು ವಾರಕ್ಕೆ ಮೂರು ಬಾರಿಯಂತೆ ತಿಂಗಳುಗಟ್ಟಲೆ ತರಬೇತಿ ಕೊಟ್ಟಿದ್ದರು. ಆರಂಭದಲ್ಲಿ ಶೇ 43ರಿಂದ 55ರ ಆಸುಪಾಸಿನಲ್ಲಿದ್ದ ನಿಖರತೆ, ಒಬ್ಬರಲ್ಲಿ ಕೊನೆಗೆ ಶೇ 95ನ್ನು ದಾಟಿತ್ತು. ಅಲ್ಲಿ ಕಲಿತದ್ದು ಕಂಪ್ಯೂಟರ್ ಮಾತ್ರವಲ್ಲ, ಮನುಷ್ಯನೂ ಕಲಿಯಬೇಕಾಯಿತು ಎಂಬ ಅಂಶ ನನಗೆ ಧೈರ್ಯ ಕೊಟ್ಟಿತು. ನಮ್ಮ ಹುಡುಗನ ಬಳಿ ಹಣವಿರಲಿಲ್ಲ, ಸಮಯವಂತೂ ಇತ್ತು.

ಇದು ನಡೆಯುವ ಬಗೆ ಹೀಗಿದೆ. ಕೈಕಾಲು ಸುಮ್ಮನಿರುವಾಗ, ನೆತ್ತಿಯ ಎರಡು ಮಗ್ಗುಲಲ್ಲಿ ಸೆಕೆಂಡಿಗೆ 8ರಿಂದ 13 ಬಾರಿ ಏರಿಳಿಯುವ ಒಂದು ಅಲೆ ಕಾಣಿಸುತ್ತದೆ. ಅದನ್ನು ಮ್ಯೂ ಲಯ ಎನ್ನುತ್ತಾರೆ. ಬಲಗೈ ಆಡಿಸಿದಾಗ ಎಡಮಗ್ಗುಲಿನ ಅಲೆ ಕುಗ್ಗುತ್ತದೆ, ಎಡಗೈ ಆಡಿಸಿದಾಗ ಬಲಮಗ್ಗುಲಿನದು. ನಿಜವಾಗಿ ಆಡಿಸದೆ, ಆಡಿಸಿದಂತೆ ಮನಸ್ಸಿನಲ್ಲಿ ಅನುಭವಿಸಿದರೂ ಅದು ಕುಗ್ಗುತ್ತದೆ. ಬೆನ್ನುಹುರಿ ಕೆಟ್ಟವರ ಮಿದುಳಿನಲ್ಲಿ ಕೈ ಎತ್ತುವ ಅಪ್ಪಣೆ ಇನ್ನೂ ಹುಟ್ಟುತ್ತಲೇ ಇರುತ್ತದೆ, ಕೈಗೆ ತಲುಪುವುದಿಲ್ಲವಷ್ಟೇ. ಆ ತಲುಪದ ಅಪ್ಪಣೆಯನ್ನು ಮಧ್ಯದಲ್ಲಿ ಹಿಡಿದು ಮೋಟಾರಿಗೆ ಕೊಡುವುದು ನಮ್ಮ ಉದ್ದೇಶ.

ಹಿಡಿಯುವುದು ಸುಲಭವಲ್ಲ. ಎದೆಯ ಮೇಲೆ ಸಿಗುವ ಹೃದಯದ ಸಂಕೇತ ಸುಮಾರು 1 ಮಿಲಿವೋಲ್ಟ್ ಇದ್ದರೆ, ತಲೆಯ ಚರ್ಮದ ಮೇಲೆ ಸಿಗುವ ಮಿದುಳಿನ ಸಂಕೇತ 10ರಿಂದ 100 ಮೈಕ್ರೋವೋಲ್ಟ್ ಮಾತ್ರ. ಇಂಥ ಸಂಕೇತಕ್ಕೆಂದೇ ತಯಾರಾದ, ಎಂಟು ಚಾನೆಲ್‌ಗಳ, 24 ಬಿಟ್ಟಿನ ಎಡಿಎಸ್ 1299 ಚಿಪ್ ಇರುವ ಬೋರ್ಡನ್ನು ತರಿಸಿದೆ. ಅದು ಪ್ರತಿ ಚಾನೆಲ್ಲನ್ನು ಸೆಕೆಂಡಿಗೆ 250 ಬಾರಿ ಅಳೆಯುವಂತೆ ಹೊಂದಿಸಿದೆ. ದರ್ಜಿಯವರ ಟೇಪು ಹಿಡಿದು ಮೂಗಿನ ಬೇರಿನ ತಗ್ಗಿನಿಂದ ಹಿಂತಲೆಯ ಉಬ್ಬಿನವರೆಗೆ, ಒಂದು ಕಿವಿಯ ಮುಂಭಾಗದಿಂದ ಇನ್ನೊಂದರ ಮುಂಭಾಗದವರೆಗೆ ಅಳೆದು, ಎರಡೂ ಅಳತೆಗಳ ನಡುಬಿಂದುವನ್ನು ಗುರುತಿಸಿದೆ. ಅಲ್ಲಿಂದ ಎರಡೂ ಪಕ್ಕಕ್ಕೆ ಕಿವಿಯಿಂದ ಕಿವಿಗಿರುವ ಅಳತೆಯ ಶೇ 20ರಷ್ಟು ಸರಿದರೆ ಕೈಗಳಿಗೆ ಸಂಬಂಧಿಸಿದ ಜಾಗ ಸಿಗುತ್ತದೆ. ನಡುಬಿಂದುವೇ ಪಾದಗಳ ಜಾಗ. ಆಸ್ಪತ್ರೆಗಳಲ್ಲಿಯೂ ಇದೇ ಕ್ರಮ.

ಮೊದಲ ದಿನ, ಸಂಕೇತ ಹಿಡಿಯಲು ತಲೆಗೆ ಹಚ್ಚುವ ಎಲೆಕ್ಟ್ರೋಡ್ ಮತ್ತು ಚರ್ಮದ ನಡುವಿನ ವಿದ್ಯುತ್ ತಡೆ 5 ಕಿಲೋ ಓಮ್‌ನೊಳಗೆ ಬರಬೇಕಾದಲ್ಲಿ 60ಕ್ಕಿಂತ ಕೆಳಗೆ ಇಳಿಯಲೇ ಇಲ್ಲ. ತಂತಿ ಬದಲಿಸಿದೆ, ಪೇಸ್ಟ್ ಬದಲಿಸಿದೆ, ಬೋರ್ಡನ್ನೇ ಶಂಕಿಸಿದೆ. ಕಾರಣ ಕೊಬ್ಬರಿ ಎಣ್ಣೆಯಾಗಿತ್ತು. ಅಲುಗಾಡದ ಮಗನಿಗೆ ತಾಯಿ ಪ್ರತಿದಿನ ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿ ಬಾಚುತ್ತಿದ್ದರು. ಅದನ್ನು ಬಿಡಿ ಎನ್ನಲು ನನಗೆ ಬಾಯಿ ಬರಲಿಲ್ಲ, ಏಕೆಂದರೆ ಅವರು ಮಗನಿಗೆ ಮಾಡಬಹುದಾಗಿದ್ದ ಕೆಲವೇ ಕೆಲಸಗಳಲ್ಲಿ ಅದೂ ಒಂದಾಗಿತ್ತು. ಕೊನೆಗೆ ಅಭ್ಯಾಸದ ದಿನಗಳಂದು ಸೀಗೆಕಾಯಿಯಿಂದ ತಲೆ ತೊಳೆಯುವುದೆಂದೂ, ಅಭ್ಯಾಸ ಮುಗಿದ ಮೇಲೆ ಎಣ್ಣೆ ಹಚ್ಚುವುದೆಂದೂ ಗೊತ್ತುಮಾಡಿಕೊಂಡೆವು. ತಡೆ ಮರುದಿನವೇ ಇಳಿಯಿತು.

ಇನ್ನೊಂದು ನಿಯಮವನ್ನು ಮೊದಲ ದಿನದಿಂದ ಇಂದಿನವರೆಗೆ ಮುರಿದಿಲ್ಲ. ತಲೆಗೆ ಹಚ್ಚಿದ ಬೋರ್ಡು ತನ್ನದೇ ಸಣ್ಣ ಬ್ಯಾಟರಿಯಿಂದ ನಡೆಯಬೇಕು, ಮನೆಯ ಕರೆಂಟಿಗಾಗಲಿ ಕುರ್ಚಿಯ 24 ವೋಲ್ಟಿನ ಬ್ಯಾಟರಿಗಾಗಲಿ ತಂತಿಯ ಸಂಪರ್ಕವಿರಬಾರದು, ಸಂಕೇತ ಬ್ಲೂಟೂತಿನಲ್ಲೇ ಹೋಗಬೇಕು. ನಮ್ಮ ಕಡೆಯ ಮನೆಗಳಲ್ಲಿ ಅರ್ಥಿಂಗ್ ಎಂಬುದು ಎಷ್ಟೋ ಕಡೆ ಹೆಸರಿಗೆ ಮಾತ್ರ ಇರುತ್ತದೆ. ಒದ್ದೆ ಪೇಸ್ಟ್ ಹಚ್ಚಿದ ತಲೆಗೆ ಕರೆಂಟ್ ಹರಿಯುವ ದಾರಿಯನ್ನು ಒಂದು ಕ್ಷಣವೂ ತೆರೆದಿಡಬಾರದು. ಇದರಿಂದ ಮನೆಯ ಕರೆಂಟಿನ 50 ಹರ್ಟ್ಜಿನ, ಅಂದರೆ ಸೆಕೆಂಡಿಗೆ 50 ಬಾರಿಯ ಗುಂಯ್‌ಗುಡುವಿಕೆಯೂ ಬಹಳ ಮಟ್ಟಿಗೆ ಕಡಿಮೆಯಾಯಿತು.

ಕುರ್ಚಿಯ ಹಿಂದಿನ ಗಾಲಿಗಳನ್ನು ಇಟ್ಟಿಗೆಗಳ ಮೇಲೆ ಎತ್ತಿ, ನೆಲಕ್ಕೆ ತಾಗದಂತೆ ಇಟ್ಟುಕೊಂಡು ಅಭ್ಯಾಸ ಆರಂಭಿಸಿದೆವು. ಪರದೆಯ ಮೇಲೆ ಬಲಬಾಣ ಬಂದರೆ ಬಲಗೈ ಮುಷ್ಟಿ ಹಿಡಿದಂತೆ, ಎಡಬಾಣ ಬಂದರೆ ಎಡಗೈ ಹಿಡಿದಂತೆ ಭಾವಿಸಬೇಕು. ಮೂರನೆಯ ವಾರಕ್ಕೆ ಹತ್ತರಲ್ಲಿ ಒಂಬತ್ತು ಬಾರಿ ಸರಿಯಾದ ಗಾಲಿ ತಿರುಗತೊಡಗಿತು. ತಿಂಗಳುಗಟ್ಟಲೆ ಹಿಡಿಯಬೇಕಾದದ್ದು ಮೂರು ವಾರಗಳಲ್ಲಿ ಬಂತೆಂದು ನಾನು ಹಿಗ್ಗಿದೆ. “ಯಪ್ಪಾ, ಗಾಲಿ ತಾನ ತಿರಗಾಕತ್ತೈತಲ್ರೀ” ಎಂದು ತಾಯಿ ಕಣ್ಣೊರೆಸಿಕೊಂಡರು. ಅಕ್ಕಪಕ್ಕದವರು ಬಂದು ನೋಡಿ ಹೋದರು.

ಒಂದು ಸಂಜೆ ಅಭ್ಯಾಸ ಮುಗಿದಿತ್ತು. ಎಲೆಕ್ಟ್ರೋಡ್‌ಗಳ ಟೋಪಿ ಇನ್ನೂ ಹುಡುಗನ ತಲೆಯ ಮೇಲೇ ಇತ್ತು, ಕುರ್ಚಿ ಚಾಲೂ ಇತ್ತು. ತಾಯಿ ಒಗ್ಗರಣೆ ಮಂಡಕ್ಕಿ ತಂದು ಅವನಿಗೆ ತಿನ್ನಿಸತೊಡಗಿದರು. ಅವನು ಅಗಿದಂತೆಲ್ಲ ಬಲಗಾಲಿ ತಿರುಗಿತು. ನುಂಗಿದಾಗ ನಿಂತಿತು. ಮತ್ತೆ ತುತ್ತು ಬಾಯಿಗೆ ಬಿದ್ದಾಗ ಮತ್ತೆ ತಿರುಗಿತು. ನಾನು ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟು ಪರದೆಯ ಮುಂದೆ ಕುಳಿತೆ.

ಆ ರಾತ್ರಿ ಮೂರು ವಾರಗಳ ದಾಖಲೆಗಳನ್ನು ಮೊದಲಿನಿಂದ ತೆಗೆದು ನೋಡಿದೆ. ಕಾಣಬೇಕಾಗಿದ್ದದ್ದು ಇಳಿಕೆ, ಅಲ್ಲಿದ್ದದ್ದು ಏರಿಕೆ. ಬಲಗೈಯನ್ನು ಭಾವಿಸಿದಾಗ ಎಡಮಗ್ಗುಲಿನಲ್ಲಿ ಬದಲಾವಣೆ ಆಗಬೇಕಿತ್ತು, ಆದದ್ದು ಬಲಮಗ್ಗುಲಿನಲ್ಲಿ. ಅದೂ 8ರಿಂದ 13 ಹರ್ಟ್ಜಿನಲ್ಲಿ ಕಡಿಮೆ, 20 ಹರ್ಟ್ಜಿನಿಂದ ಮೇಲೆ ಹೋದಂತೆ ಹೆಚ್ಚು. ಸ್ನಾಯುವಿನ ವಿದ್ಯುತ್ತಿನ ಗುರುತೇ ಅದು. ಕಣತಲೆಗಳ ಮೇಲೆ ಎರಡು ಎಲೆಕ್ಟ್ರೋಡ್ ಹೆಚ್ಚುವರಿಯಾಗಿ ಹಚ್ಚಿ ಮರುದಿನ ನೋಡಿದಾಗ ಸಂಶಯವೇ ಉಳಿಯಲಿಲ್ಲ. ಕೈ ಮುಷ್ಟಿ ಹಿಡಿಯಬೇಕೆಂದು ಹುಡುಗ ಪ್ರಾಣವನ್ನೆಲ್ಲ ಹಾಕಿ ಯತ್ನಿಸುವಾಗ, ತನಗೇ ಅರಿವಿಲ್ಲದೆ ಆ ಬದಿಯ ದವಡೆಯನ್ನು ಬಿಗಿಯುತ್ತಿದ್ದ. ನಮ್ಮ ಮಾತಿನಲ್ಲಿ ಕಷ್ಟಪಟ್ಟು ಮಾಡುವುದಕ್ಕೆ ಹಲ್ಲು ಕಚ್ಚಿ ಮಾಡುವುದು ಎಂದೇ ಹೇಳುತ್ತೇವೆ, ಅವನು ಅಕ್ಷರಶಃ ಅದನ್ನೇ ಮಾಡಿದ್ದ. ಕಣತಲೆಯ ಸ್ನಾಯು ಮಿದುಳಿಗಿಂತ ಎಷ್ಟೋ ಪಟ್ಟು ಜೋರಾಗಿ ಕೂಗುತ್ತದೆ. ನನ್ನ ತಂತ್ರಾಂಶ ಜೋರಾಗಿ ಕೇಳಿಸಿದ್ದನ್ನು ನಂಬಿತ್ತು, ತಂತ್ರಾಂಶವನ್ನು ನಾನು ನಂಬಿದ್ದೆ.

ಮನೆಯವರಿಗೆ ಇದನ್ನು ಹೇಳುವುದು ನನಗೆ ಕಷ್ಟವಾಯಿತು. ಹೇಳಿದೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಲ್ಲಿನಿಂದ ನಡದ್ರ ನಡೀಲಿ ಬಿಡು ಕಾಕಾ, ಕುರ್ಚಿ ನಡದ್ರ ಸಾಕು” ಎಂದ. ಆ ಮಾತಿನಲ್ಲಿ ಒಂದು ದೊಡ್ಡ ಸತ್ಯವಿತ್ತು. ದವಡೆ ಅವನದೇ, ಅವನ ಇಚ್ಛೆಯಂತೆ ಬಿಗಿಯುತ್ತದೆ, ಬಿಡುತ್ತದೆ. ಮಿದುಳಿನ ಸಂಕೇತಕ್ಕಿಂತ ಅದು ನೂರು ಪಾಲು ನಂಬಿಕಸ್ತವಾದದ್ದು. ಇಂದು ಯಾರಾದರೂ ನನ್ನ ಬಳಿ ಬಂದರೆ ಮೊದಲು ಗದ್ದ, ಆಮೇಲೆ ತಲೆಯ ಓಲಾಟ, ಉಸಿರು, ದವಡೆ, ಕಣ್ಣು ಇವೆಲ್ಲವನ್ನೂ ಒಂದೊಂದಾಗಿ ಪರೀಕ್ಷಿಸಿ, ಇವು ಯಾವುವೂ ಒದಗದಿದ್ದಾಗ, ಅಥವಾ ದಿನವಿಡೀ ಒದಗದಿದ್ದಾಗ ಮಾತ್ರ ಮಿದುಳಿನ ಟೋಪಿಯ ಮಾತೆತ್ತುತ್ತೇನೆ. ಆದರೆ ಅದು ದವಡೆ ಎಂದು ಗೊತ್ತಿದ್ದು ಬಳಸುವುದು ಬೇರೆ, ಮಿದುಳೆಂದು ತಿಳಿದು ದವಡೆಯನ್ನು ಬಳಸುವುದು ಬೇರೆ. ಎರಡನೆಯದರಲ್ಲಿ ಮಂಡಕ್ಕಿ ತಿನ್ನುವಾಗ ಕುರ್ಚಿ ಹೊರಟುಬಿಡುತ್ತದೆ.

ಅಲ್ಲಿಂದ ಮುಂದೆ ಕೆಲಸವನ್ನು ಎರಡಾಗಿ ಒಡೆದೆವು. ದವಡೆಯನ್ನು ಬೇಕೆಂದೇ ಎರಡು ಬಾರಿ ಬಿಗಿದರೆ ಹೊರಡುವುದು, ಒಂದು ಬಾರಿ ಬಿಗಿದರೆ ನಿಲ್ಲುವುದು. ಎಡ ಬಲ ಯಾವ ಕಡೆ ಎಂಬುದನ್ನು ಮಾತ್ರ ಮ್ಯೂ ಲಯದಿಂದ ಓದುವುದು, ಅದೂ ಕಣತಲೆಯ ಎಲೆಕ್ಟ್ರೋಡ್‌ಗಳು ಶಾಂತವಾಗಿದ್ದಾಗ ಮಾತ್ರ. ಹುಡುಗನಿಗೆ ಬಲ ಹಾಕುವುದನ್ನು ಮರೆಸಿ, ಅನುಭವವನ್ನು ನೆನೆಯುವುದನ್ನು ಕಲಿಸಬೇಕಾಯಿತು. ಮುಷ್ಟಿ ಹಿಡಿ ಎಂದರೆ ಹಲ್ಲು ಕಚ್ಚುತ್ತಿದ್ದ. ಮೊದಲು ಅವನು ಅಕ್ಕಿ ಗಿರಣಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದ. ಚೀಲದ ಬಾಯಿಯನ್ನು ಸುತಳಿಯಿಂದ ಹೊಲಿಯುವಾಗ ಬೆರಳಿಗೆ ಹೇಗೆನಿಸುತ್ತಿತ್ತು ನೆನಪಿಸಿಕೋ ಎಂದಾಗ ಅವನ ಮುಖದ ಬಿಗಿ ಸಡಿಲಿತು, ಎಡಮಗ್ಗುಲಿನ ಅಲೆ ಮೊದಲ ಬಾರಿಗೆ ನಿಜವಾಗಿ ಕುಗ್ಗಿತು. ಎಡಗೈಯಲ್ಲಿ ಅಷ್ಟು ಸ್ಪಷ್ಟತೆ ಬರಲಿಲ್ಲವಾದ್ದರಿಂದ, ಎಡಕ್ಕೆ ಹೋಗಲು ಎರಡೂ ಪಾದಗಳನ್ನು ಭಾವಿಸುವಂತೆ ಬದಲಿಸಿದೆವು. ವಾರಕ್ಕೆ ಮೂರು ದಿನ, ದಿನಕ್ಕೆ 40 ನಿಮಿಷ. ಎರಡು ತಿಂಗಳು ಏನೂ ಸುಧಾರಿಸದೆ, ನಾಣ್ಯ ಚಿಮ್ಮಿದಷ್ಟೇ ಫಲ ಸಿಗುತ್ತಿತ್ತು. ನಾಲ್ಕು ತಿಂಗಳು ಕಳೆದ ಮೇಲೆ ಹತ್ತರಲ್ಲಿ ಎಂಟು ಸರಿಯಾಗತೊಡಗಿದವು. ಅಲ್ಲಿಂದ ಮೇಲೆ ಹೋಗಿಲ್ಲ.

ಹತ್ತರಲ್ಲಿ ಎಂಟು ಎಂದರೆ ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ. ಕುರ್ಚಿಯ ಮೇಲೆ ಲೆಕ್ಕ ಹಾಕಿ ನೋಡೋಣ. ಒಂದು ತೀರ್ಮಾನ ಓದಲು ಸುಮಾರು 3 ಸೆಕೆಂಡ್ ಬೇಕು. ಕುರ್ಚಿಯನ್ನು ಗಂಟೆಗೆ ಕೇವಲ 1 ಕಿಲೋಮೀಟರ್ ವೇಗಕ್ಕೆ ಇಳಿಸಿದರೂ ಆ 3 ಸೆಕೆಂಡಿನಲ್ಲಿ ಅದು 83 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಅವರ ಮನೆಯ ಒಳಬಾಗಿಲು 76 ಸೆಂಟಿಮೀಟರ್ ಅಗಲ, ಕುರ್ಚಿ 62 ಸೆಂಟಿಮೀಟರ್. ಎರಡೂ ಪಕ್ಕದಲ್ಲಿ ಉಳಿಯುವುದು ಏಳೇಳು ಸೆಂಟಿಮೀಟರ್. ಮನಸ್ಸಿನಿಂದ ಎಡಕ್ಕೆ, ಬಲಕ್ಕೆ ಎನ್ನುತ್ತ ಈ ಬಾಗಿಲನ್ನು ದಾಟಿಸುವುದು ಯಾರಿಂದಲೂ ಆಗದ ಮಾತು. ಇದನ್ನು ಅರಿತ ದಿನವೇ ನನ್ನ ಕೆಲಸದ ದಿಕ್ಕು ಬದಲಾಯಿತು. ಎಲ್ಲಿಗೆ ಹೋಗಬೇಕು ಎಂಬುದನ್ನಷ್ಟೇ ಮಿದುಳನ್ನು ಕೇಳಬೇಕು, ಹೇಗೆ ಹೋಗಬೇಕು ಎಂಬುದು ಕುರ್ಚಿಯ ಹೊಣೆಯಾಗಬೇಕು.

ಇದಕ್ಕೂ ಮೊದಲು ನಡೆದ ಒಂದು ಅವಘಡವನ್ನು ಹೇಳಲೇಬೇಕು. ಬ್ಲೂಟೂತ್ ಸಂಪರ್ಕ ಕಡಿದಾಗ ಏನಾಗಬೇಕೆಂದು ನಾನು ಯೋಚಿಸಿರಲಿಲ್ಲ. ಕೊನೆಯ ಆಜ್ಞೆಯನ್ನೇ ಮುಂದುವರಿಸುವಂತೆ ಬರೆದಿದ್ದೆ. ಗಾಲಿಗಳನ್ನು ನೆಲಕ್ಕಿಳಿಸಿದ ಎರಡನೆಯ ದಿನ ಸಂಪರ್ಕ ಕಡಿಯಿತು, ಕೊನೆಯ ಆಜ್ಞೆ ಮುಂದಕ್ಕೆ ಎಂಬುದಾಗಿತ್ತು. ಹುಡುಗ ಹಲ್ಲು ಬಿಗಿದ, ಕೂಗಿದ, ಕುರ್ಚಿ ನಿಲ್ಲಲಿಲ್ಲ. ಮೂಲೆಯಲ್ಲಿ ಒಟ್ಟಿದ್ದ ಭತ್ತದ ಚೀಲಗಳಿಗೆ ಹೋಗಿ ಗುದ್ದಿತು. ಚೀಲಗಳಿದ್ದ ಜಾಗದಲ್ಲಿ ಮೆಟ್ಟಿಲು ಇದ್ದಿದ್ದರೆ ಎಂದು ಈಗಲೂ ನೆನೆಯಲು ಮನಸ್ಸಾಗುವುದಿಲ್ಲ. ತನ್ನ ಕಾಲಿಗೆ ಪೆಟ್ಟಾದರೆ ಅವನಿಗೆ ತಿಳಿಯುವುದೇ ಇಲ್ಲ, ಆದ್ದರಿಂದ ತಾಯಿಯೂ ನಾನೂ ಪಾದದಿಂದ ಮೊಣಕಾಲಿನವರೆಗೆ ಬೆರಳು ಬೆರಳನ್ನೂ ಹಿಡಿದು ನೋಡಿದೆವು. ತಪ್ಪು ಸಂಪೂರ್ಣವಾಗಿ ನನ್ನದು.

ಈಗಿನ ವ್ಯವಸ್ಥೆಯಲ್ಲಿ ಕುರ್ಚಿ ನಡೆಯುವುದಕ್ಕೆ ಅನುಮತಿ ಬೇಕು, ನಿಲ್ಲುವುದಕ್ಕೆ ಯಾರ ಅನುಮತಿಯೂ ಬೇಕಿಲ್ಲ. ಎಲ್ಲವೂ ಸರಿಯಿದೆ ಎಂಬ ಸೂಚನೆ ಅರ್ಧ ಸೆಕೆಂಡಿಗೊಮ್ಮೆ ಒಂದು ರಿಲೇಗೆ (ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚಿಗೆ) ಬರುತ್ತಿರಬೇಕು. ಬಾರದಿದ್ದರೆ ರಿಲೇ ಬಿದ್ದು ಮೋಟಾರಿನ ವಿದ್ಯುತ್ ಕಡಿಯುತ್ತದೆ. ಇಂಥ ಕುರ್ಚಿಗಳ ವಿದ್ಯುತ್ ಬ್ರೇಕು ಕರೆಂಟ್ ಇದ್ದಾಗ ಸಡಿಲಾಗಿ, ಕರೆಂಟ್ ಹೋದಾಗ ಹಿಡಿದುಕೊಳ್ಳುವುದರಿಂದ ಕುರ್ಚಿ ನಿಂತಲ್ಲೇ ಬೇರೂರುತ್ತದೆ. ತಂತ್ರಾಂಶವನ್ನು ಅವಲಂಬಿಸದ ಒಂದು ಕೆಂಪು ಗುಂಡಿ ಕುರ್ಚಿಯ ಬೆನ್ನಿಗಿದೆ, ಮನೆಯವರಿಗಾಗಿ. ಅಡ್ಡ ಬಂದದ್ದನ್ನು ಗುರುತಿಸಲು ಅಲ್ಟ್ರಾಸಾನಿಕ್ ಸಂವೇದಕಗಳನ್ನು ಹಚ್ಚಿದೆ. ಗೋಡೆ, ಕಪಾಟುಗಳನ್ನು ಅವು ಚೆನ್ನಾಗಿ ಹಿಡಿಯುತ್ತವೆ. ಜೋಲಾಡುವ ಸೀರೆ, ಮಡಚಿಟ್ಟ ಕೌದಿ ಮೊದಲಾದ ಮೆತ್ತನೆಯ ವಸ್ತುಗಳು ಶಬ್ದವನ್ನು ನುಂಗಿಬಿಡುವುದರಿಂದ ಅವುಗಳನ್ನು ಎಷ್ಟೋ ಬಾರಿ ಕಾಣುವುದಿಲ್ಲ. ತಗ್ಗನ್ನಂತೂ ಅವು ಕಾಣುವುದೇ ಇಲ್ಲ. ಅದಕ್ಕಾಗಿ ಪಾದದ ಹಲಗೆಯ ಕೆಳಗೆ ನೆಲವನ್ನೇ ನೋಡುವ ಎರಡು ಅವಗೆಂಪು (ಇನ್‌ಫ್ರಾರೆಡ್) ಸಂವೇದಕಗಳನ್ನು ಸೇರಿಸಬೇಕಾಯಿತು. ಓಣಿಯ ತೆರೆದ ಚರಂಡಿಯ ಪಕ್ಕದಲ್ಲಿ ಇವಿಲ್ಲದೆ ಕುರ್ಚಿ ಹೊರಡಿಸುವುದು ಅಪರಾಧವೆಂದೇ ನನ್ನ ಭಾವನೆ. ಅದರ ಮೇಲೂ, ಹೊರಗೆ ಇಳಿಯುವಾಗ ನಾವು ಟೋಪಿಯನ್ನು ತೆಗೆದಿಟ್ಟು ಗದ್ದದ ಜಾಯ್‌ಸ್ಟಿಕ್ಕಿಗೇ ಮರಳುತ್ತೇವೆ.

ಸಿಂಧನೂರಿನ ಮಾಸ್ತರ ವಿಷಯ ಬೇರೆ. ಅವರಿಗೆ ಮೋಟಾರ್ ನ್ಯೂರಾನ್ ಕಾಯಿಲೆ. ಮೊದಲು ಕೈ, ಆಮೇಲೆ ಕಾಲು, ಆಮೇಲೆ ನಾಲಗೆ ಸೋತವು. ನಾನು ಭೇಟಿಯಾದಾಗ ಮಾತು ನಿಂತಿತ್ತು, ದವಡೆಯೂ ಸೋಲುತ್ತಿತ್ತು. ಈ ಕಾಯಿಲೆಯಲ್ಲಿ ಕಣ್ಣಿನ ಚಲನೆ ಸಾಮಾನ್ಯವಾಗಿ ಬಹುಕಾಲ ಉಳಿಯುತ್ತದೆ. ಅಕ್ಷರ ಆಯ್ದು ಮಾತನಾಡಲು ಅವರಿಗೆ ಕಣ್ಣು ಹಿಂಬಾಲಿಸುವ ಕ್ಯಾಮೆರಾ ಒದಗಿತ್ತು, ಆ ಕೆಲಸಕ್ಕೆ ಅದೇ ಉತ್ತಮ. ಆದರೆ ಕುರ್ಚಿ ಅಲುಗಾಡುವಾಗ, ಅದರಲ್ಲೂ ಪಡಸಾಲೆಯ ಬಿಸಿಲು ಮುಖಕ್ಕೆ ಬಿದ್ದಾಗ ಕ್ಯಾಮೆರಾ ಕಣ್ಣನ್ನು ಕಳೆದುಕೊಳ್ಳುತ್ತಿತ್ತು.

ಅವರಿಗಾಗಿ ಮಿನುಗುವ ದೀಪಗಳ ವಿಧಾನವನ್ನು ಆರಿಸಿಕೊಂಡೆ. ಸೆಕೆಂಡಿಗೆ 15 ಬಾರಿ ಮಿನುಗುವ ದೀಪವನ್ನು ದಿಟ್ಟಿಸಿದರೆ ಹಿಂತಲೆಯಲ್ಲಿರುವ ದೃಷ್ಟಿಯ ಭಾಗದಲ್ಲಿಯೂ 15 ಹರ್ಟ್ಜಿನ ಅಲೆ ಏಳುತ್ತದೆ. ಬೇರೆ ಬೇರೆ ವೇಗದ ದೀಪಗಳಿಗೆ ಬೇರೆ ಬೇರೆ ಜಾಗಗಳ ಹೆಸರಿಟ್ಟರೆ ಯಾವುದನ್ನು ನೋಡುತ್ತಿದ್ದಾರೆಂದು ತಿಳಿಯಬಹುದು. ಇದಕ್ಕೆ ತಿಂಗಳುಗಟ್ಟಲೆ ತರಬೇತಿ ಬೇಡ. ಮಾಸ್ತರು ಮೊದಲ ದಿನವೇ ಕಲಿತರು. ಮಿನುಗುವ ಬೆಳಕು ಮೂರ್ಛೆಯ ಪ್ರವೃತ್ತಿ ಇರುವವರಿಗೆ ಅಪಾಯಕಾರಿಯಾದ್ದರಿಂದ, ನರರೋಗ ವೈದ್ಯರಿಂದ ಮೊದಲೇ ಪರೀಕ್ಷೆ ಮಾಡಿಸಿ, ಅವರು ಒಪ್ಪಿದ ಮೇಲೆಯೇ ದೀಪ ಹಚ್ಚಿದೆ.

ನಾನು ಮೊದಲು ಇಟ್ಟಿದ್ದ ಮೂರು ದೀಪಗಳಲ್ಲಿ ಒಂದು 10 ಹರ್ಟ್ಜಿನದು. ಮಧ್ಯಾಹ್ನ ಊಟವಾದ ಮೇಲೆ ಮಾಸ್ತರು ಯಾವ ದೀಪವನ್ನೂ ನೋಡದಿದ್ದರೂ ಆ ದೀಪವೇ ಆಯ್ಕೆಯಾಗುತ್ತಿತ್ತು. ಕಣ್ಣು ಮುಚ್ಚಿದೊಡನೆ ಬಹುತೇಕ ಎಲ್ಲರ ಹಿಂತಲೆಯಲ್ಲೂ 10 ಹರ್ಟ್ಜಿನ ಆಸುಪಾಸಿನ ಆಲ್ಫಾ ಅಲೆ ಏಳುತ್ತದೆ ಎಂಬುದು ನನಗೆ ಗೊತ್ತಿದ್ದ ವಿಷಯವೇ. ಆಸ್ಪತ್ರೆಯ ಯಂತ್ರಗಳನ್ನು ಪರೀಕ್ಷಿಸುವಾಗ ನಾನೇ ಕಣ್ಣು ಮುಚ್ಚಿ ತೆರೆದು ನೋಡಿಕೊಳ್ಳುತ್ತೇನೆ. ಆ ದೀಪವನ್ನು ತೆಗೆದು 7, 15, 17 ಹರ್ಟ್ಜ್ ಇಟ್ಟೆ. ಆಲ್ಫಾ ಅಲೆಯನ್ನು ಬಿಡದೆ ಅದಕ್ಕೆ ಬೇರೆ ಕೆಲಸ ಕೊಟ್ಟೆ. ಎರಡು ಸೆಕೆಂಡ್ ಕಣ್ಣು ಮುಚ್ಚಿದರೆ ಕುರ್ಚಿ ನಿಲ್ಲುತ್ತದೆ. ತಲೆಯ ಮೇಲಿಂದ ಸಿಗುವ ಮಿದುಳಿನ ಸಂಕೇತಗಳಲ್ಲಿ ಇಷ್ಟು ದೊಡ್ಡದು, ಇಷ್ಟು ತಪ್ಪದೆ ಬರುವುದು ಇನ್ನೊಂದಿಲ್ಲ. ಭಯವಾದಾಗ ಕಣ್ಣು ಮುಚ್ಚುವುದು ಸಹಜ, ಮುಚ್ಚಿದರೆ ನಿಲ್ಲುತ್ತದೆ. ತೂಕಡಿಸಿದರೂ ನಿಲ್ಲುತ್ತದೆ.

ದಾರಿಗಾಗಿ ನೆಲದ ಮೇಲೆ ಬಿಳಿ ಟೇಪು ಅಂಟಿಸಿದೆ. ಮೊದಲೇ ಗೊತ್ತುಮಾಡಿದ ದಾರಿಯಲ್ಲಿ ಕುರ್ಚಿಯನ್ನು ನಡೆಸಿ, ಹೋಗಬೇಕಾದ ಜಾಗವನ್ನು ಮಾತ್ರ ಮಿದುಳಿನಿಂದ ಆಯುವ ಉಪಾಯವನ್ನು ಸಿಂಗಾಪುರದ ಸಂಶೋಧಕರು 2010ರಲ್ಲಿಯೇ ಪ್ರಕಟಿಸಿದ್ದರು, ಟೇಪು ಅದರ ಬಡವರ ರೂಪ. ಶಹಾಬಾದ್ ಕಲ್ಲಿನ ನೆಲ ಕಡುಬೂದು ಬಣ್ಣದ್ದಾದ್ದರಿಂದ ಬಿಳಿಯ ಗೆರೆ ಸಂವೇದಕಕ್ಕೆ ಚೆನ್ನಾಗಿ ಕಾಣುತ್ತದೆ. ಹಾಸಿಗೆ, ಪಡಸಾಲೆಯ ಕಿಟಕಿ, ದೇವರ ಮನೆಯ ಮುಂದೆ, ಹೀಗೆ ಮೂರು ನಿಲ್ದಾಣಗಳು. ದೇವರ ಮನೆಯ ಹೊಸ್ತಿಲಿನ ಮುಂದೆ ಒಂದು ಬೆಳಿಗ್ಗೆ ಕುರ್ಚಿ ಗೆರೆ ಬಿಟ್ಟು ಓರೆಯಾಗಿ ಹೊರಟಿತು. ಮಾಸ್ತರು ಕಣ್ಣು ಮುಚ್ಚಿ ನಿಲ್ಲಿಸಿದರು. ನೋಡಿದರೆ ಅದು ರಂಗೋಲಿಯ ಎಳೆಯನ್ನು ಹಿಡಿದು ಹೋಗುತ್ತಿತ್ತು. ಅವರ ಪತ್ನಿ ಇನ್ನು ರಂಗೋಲಿ ಹಾಕುವುದಿಲ್ಲ ಎಂದರು. ನಾನು ಒಪ್ಪಲಿಲ್ಲ. ಗೆರೆಯ ಅಗಲ ಟೇಪಿನ ಅಗಲಕ್ಕಿಂತ ಭಿನ್ನವಾಗಿ ಕಂಡರೆ, ಅಥವಾ ಒಮ್ಮೆಗೆ ಎರಡು ಗೆರೆ ಕಂಡರೆ ನಿಲ್ಲುವಂತೆ ತಂತ್ರಾಂಶ ತಿದ್ದಿ, ರಂಗೋಲಿಗೆ ಒಂದು ಮೊಳ ಜಾಗ ಬಿಟ್ಟು ನಿಲ್ದಾಣವನ್ನೇ ಹಿಂದಕ್ಕೆ ಸರಿಸಿದೆ.

ನಮ್ಮ ಭಾಗದ ಬಿಸಿಲಿನ ಬಗ್ಗೆ ಎಚ್ಚರಿಕೆಯ ಮಾತೊಂದನ್ನು ಹೇಳಬೇಕು. ಕುತ್ತಿಗೆಯ ಮಟ್ಟದಲ್ಲಿ ಬೆನ್ನುಹುರಿ ಕೆಟ್ಟವರಿಗೆ ಪೆಟ್ಟಾದ ಜಾಗದ ಕೆಳಗೆ ಬೆವರಿ ತಣ್ಣಗಾಗುವ ಶಕ್ತಿ ಇರುವುದಿಲ್ಲ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಅಭ್ಯಾಸದ ಹುಮ್ಮಸ್ಸಿನಲ್ಲಿ ನಾನು ಇದನ್ನು ಮರೆತೆ. ಹುಡುಗನ ಮುಖ ಕೆಂಪೇರಿ, ಮೈ ಕಾದ ಹಂಚಿನಂತಾಗಿತ್ತು. ಒದ್ದೆ ಬಟ್ಟೆ ಸುತ್ತಿ, ಗಾಳಿ ಹಾಕಿ, ಎರಡು ಗಂಟೆ ಕಾದೆವು. ಅಂದಿನಿಂದ ಬೇಸಿಗೆಯ ಅಭ್ಯಾಸ ಬೆಳಿಗ್ಗೆ 6ಕ್ಕೆ ಆರಂಭವಾಗಿ 7ಕ್ಕೆ ಮುಗಿಯುತ್ತದೆ. ಹಣೆ ನೆತ್ತಿಗಳ ಬೆವರು ಎಲೆಕ್ಟ್ರೋಡ್‌ಗಳನ್ನು ಒಂದಕ್ಕೊಂದು ಬೆಸೆದು ಸಂಕೇತವನ್ನೂ ಕೆಡಿಸುತ್ತದೆ, ಆದರೆ ಅದು ಎರಡನೆಯ ಕಾರಣ. ಹಾಗೆಯೇ 20 ನಿಮಿಷಕ್ಕೊಮ್ಮೆ ಅಭ್ಯಾಸ ನಿಲ್ಲಿಸಿ, ಕುರ್ಚಿಯನ್ನು ಹಿಂದಕ್ಕೆ ಬಾಗಿಸಿ, ಕುಳಿತ ಭಾಗದ ಒತ್ತಡ ಇಳಿಸಬೇಕು. ಒಂದು ಒತ್ತಡದ ಹುಣ್ಣು ಆದರೆ ತಿಂಗಳುಗಟ್ಟಲೆ ಕುರ್ಚಿಯೇ ಏರಲಾಗದಂತೆ ಆಗುತ್ತದೆ. ಇದನ್ನು ನನಗೆ ಕಲಿಸಿದ್ದು ಫಿಸಿಯೋಥೆರಪಿಸ್ಟರೇ. ಯಂತ್ರ ಬಲ್ಲವನು ಇಂಥವರನ್ನು ಜೊತೆಗಿಟ್ಟುಕೊಳ್ಳದೆ ಈ ಕೆಲಸಕ್ಕೆ ಕೈಹಾಕಬಾರದು.

ಕುರ್ಚಿ ಹೊಸ್ತಿಲು ದಾಟಲು ಕಟ್ಟುವ ಇಳಿಜಾರಿನ ಲೆಕ್ಕ ಸರಳವಾದದ್ದು, ಆದರೂ ಎಲ್ಲರೂ ತಪ್ಪುವುದು ಅಲ್ಲೇ. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು. 4 ಇಂಚಿನ ಹೊಸ್ತಿಲಿಗೆ 4 ಅಡಿ. ಹುಡುಗನ ಮನೆಯಲ್ಲಿ ಗೌಂಡಿಯವರು ಒಂದೂವರೆ ಅಡಿಯಲ್ಲೇ ಮುಗಿಸಿದ್ದನ್ನು ಒಡೆಸಿ ಮತ್ತೆ ಕಟ್ಟಿಸಿದೆವು.

ಹುಡುಗ ಈಗ ಬೆಳಿಗ್ಗೆ ಗದ್ದದಿಂದ, ಕುತ್ತಿಗೆ ಸೋತ ಮೇಲೆ ಟೋಪಿಯಿಂದ, ಕೋಣೆ ಪಡಸಾಲೆಗಳ ನಡುವೆ ಯಾರನ್ನೂ ಕರೆಯದೆ ಓಡಾಡುತ್ತಾನೆ. ಊಟಕ್ಕೆ ಮೊದಲು ಟೋಪಿ ತೆಗೆಯುವುದು ಆ ಮನೆಯಲ್ಲಿ ಕೈತೊಳೆಯುವಷ್ಟೇ ಕಡ್ಡಾಯದ ನಿಯಮವಾಗಿದೆ.

ಮಾಸ್ತರು ಹೋದ ತಿಂಗಳು ಕ್ಯಾಮೆರಾದಲ್ಲಿ ಅಕ್ಷರಗಳನ್ನು ಒಂದೊಂದಾಗಿ ಆಯ್ದು, ನಾಲ್ಕನೆಯ ನಿಲ್ದಾಣವೊಂದನ್ನು ಕೇಳಿದ್ದಾರೆ: ಅಂಗಳದ ಬೇವಿನ ಮರ. ಅಲ್ಲಿ ನೆಲ ಮಣ್ಣಿನದು, ಟೇಪು ನಿಲ್ಲುವುದಿಲ್ಲ. ಬಿಸಿಲಿನಲ್ಲಿ ದೀಪಗಳು ಮಂಕಾಗುವುದರಿಂದ ಅವುಗಳಿಗೆ ಕಪ್ಪು ಮರೆ ಕಟ್ಟಿದ್ದೇನೆ. ಕಾರ್ಖಾನೆಗಳ ಚಾಲಕರಿಲ್ಲದ ಗಾಡಿಗಳಿಗೆ ಮಾಡುವಂತೆ, ಎರಡಿಂಚು ಆಳದಲ್ಲಿ ತಾಮ್ರದ ತಂತಿ ಹೂತು, ಅದರಲ್ಲಿ ಸಣ್ಣ ಎಸಿ ವಿದ್ಯುತ್ ಹರಿಸಿ, ಕುರ್ಚಿಯ ಕೆಳಗಿನ ಎರಡು ಸುರುಳಿಗಳಿಂದ ಅದರ ಜಾಡು ಹಿಡಿಯುವ ಯತ್ನ ನಡೆದಿದೆ. ಅಂಗಳದ 22 ಅಡಿ ಮುಗಿದಿದೆ. ಮರದ ಬುಡಕ್ಕೆ ಇನ್ನು 9 ಅಡಿ ಉಳಿದಿದ್ದು, ನಡುವೆ ನೀರು ಹರಿಯುವ ಸಣ್ಣ ಗಟಾರಕ್ಕೆ ಕಲ್ಲುಚಪ್ಪಡಿ ಹಾಸಬೇಕಾಗಿದೆ. ಬರುವ ಭಾನುವಾರ ಗೌಂಡಿಯವರನ್ನು ಕರೆದುಕೊಂಡು ಸಿಂಧನೂರಿಗೆ ಹೋಗುವವನಿದ್ದೇನೆ.